ಲ್ಯಾಬ್ರಡಾರೋ, ಜರ್ಮನ್ ಶೆಫರ್ಡೋ?

ಕೇಳುಗರಿಗೆ ನಮಸ್ಕಾರ.

ನಾಯಿ ಸಾಕುವುದೆಂದು ಮನೆಮಂದಿಯೆಲ್ಲ ಒಪ್ಪಿಕೊಂಡ ಮೇಲೂ ಯಾವ ತಳಿಯದು ಎಂಬ ಚರ್ಚೆ ಮುಗಿಯುವುದಿಲ್ಲ. ಮಕ್ಕಳು ಲ್ಯಾಬ್ರಡಾರ್ ಬೇಕೆಂದು ಹಟ ಹಿಡಿದರೆ, ಹಿರಿಯರು ಜರ್ಮನ್ ಶೆಫರ್ಡ್ ತಂದರೆ ಮನೆಯನ್ನಾದರೂ ಕಾದೀತು ಎನ್ನುತ್ತಾರೆ. ಗಾತ್ರ ನೋಡಿ ತೀರ್ಮಾನಿಸೋಣವೆಂದರೆ ಎರಡೂ ಹೆಚ್ಚುಕಡಿಮೆ ಸಮ: ಬೆಳೆದ ಗಂಡು ಲ್ಯಾಬ್ರಡಾರ್ ಸುಮಾರು 29ರಿಂದ 36 ಕಿಲೋ ತೂಗಿದರೆ ಗಂಡು ಶೆಫರ್ಡ್ 30ರಿಂದ 40 ಕಿಲೋ ತೂಗುತ್ತದೆ. ಎರಡೂ ಚುರುಕು, ಎರಡೂ ಹೇಳಿಕೊಟ್ಟದ್ದನ್ನು ಬೇಗ ಕಲಿಯುತ್ತವೆ. ಹೀಗಿರುವಾಗ ಆಯ್ಕೆಗೆ ದಾರಿ ತೋರಿಸುವುದು ಆ ತಳಿಗಳನ್ನು ಯಾವ ಕೆಲಸಕ್ಕಾಗಿ ಬೆಳೆಸಿದರು ಎಂಬ ಸಂಗತಿಯೇ ಎಂದು ನಾನು ತಿಳಿದಿದ್ದೇನೆ.

ಲ್ಯಾಬ್ರಡಾರಿನ ಪೂರ್ವಜರು ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಮೀನುಗಾರರ ನಾಯಿಗಳು. ಕೊರೆಯುವ ನೀರಿಗೆ ಹಾರಿ, ಬಲೆಯ ಹಗ್ಗವನ್ನೋ ಗಾಳದಿಂದ ಜಾರಿದ ಮೀನನ್ನೋ ಬಾಯಲ್ಲಿ ಹಿಡಿದು ದಡಕ್ಕೆ ತರುವುದು ಅವುಗಳ ಕಸುಬಾಗಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಅವು ಬ್ರಿಟನ್ನಿಗೆ ಬಂದು, ಬೇಟೆಗಾರ ಹೊಡೆದುರುಳಿಸಿದ ಹಕ್ಕಿಯನ್ನು ಹಲ್ಲು ನಾಟದಂತೆ ಕಚ್ಚಿ ತರುವುದರಲ್ಲಿ ಪಳಗಿದವು. 1903ರಲ್ಲಿ, ನಾಯಿ ತಳಿಗಳನ್ನು ದಾಖಲಿಸುವ ಅಲ್ಲಿನ ಸಂಸ್ಥೆಯಾದ ಕೆನಲ್ ಕ್ಲಬ್ ಈ ತಳಿಗೆ ಮನ್ನಣೆ ಕೊಟ್ಟಿತು. ಜರ್ಮನ್ ಶೆಫರ್ಡಿನ ಕಥೆ ಬೇರೆ. ಅಶ್ವದಳದಲ್ಲಿ ಅಧಿಕಾರಿಯಾಗಿದ್ದ ಮಾಕ್ಸ್ ಫಾನ್ ಸ್ಟೆಫಾನಿಟ್ಸ್ ಎಂಬವರು 1899ರಲ್ಲಿ ಜರ್ಮನಿಯ ಕುರಿಕಾಯುವ ನಾಯಿಗಳಲ್ಲಿ ತಮಗೆ ಮೆಚ್ಚುಗೆಯಾದ ಒಂದನ್ನು ಕೊಂಡು, ಅದರಿಂದಲೇ ಈ ತಳಿಯ ದಾಖಲೆಯನ್ನು ಆರಂಭಿಸಿದರು. ಬೇಲಿಯಿಲ್ಲದ ಬಯಲಿನಲ್ಲಿ ಮೇಯುವ ಮಂದೆ ಪಕ್ಕದ ಪೈರಿಗೆ ನುಗ್ಗದಂತೆ ಅಂಚಿನುದ್ದಕ್ಕೂ ದಿನವಿಡೀ ಓಡಾಡುತ್ತ ತಾನೇ ಬೇಲಿಯಾಗುವುದು ಇದರ ಪೂರ್ವಜರ ಕೆಲಸ. ಇದನ್ನೇ ಹಲವರು ಇಂದಿಗೂ ಆಲ್ಸೇಷಿಯನ್ ಎಂದು ಕರೆಯುತ್ತಾರೆ. ಮೊದಲ ಮಹಾಯುದ್ಧದ ಸುಮಾರಿಗೆ ಜರ್ಮನ್ ಎಂಬ ಮಾತೇ ಬ್ರಿಟನ್ನಿನವರಿಗೆ ಕಹಿಯಾದಾಗ ಅಂಟಿಕೊಂಡ ಹೆಸರದು.

ಈಗ ಮನೆಯ ಕರೆಗಂಟೆ ಬಾರಿಸಿತೆಂದು ಭಾವಿಸಿ. ಲ್ಯಾಬ್ರಡಾರ್ ಕೈಗೆ ಸಿಕ್ಕಿದ ಚಪ್ಪಲಿಯನ್ನು, ಕೈಗೆ ಎನ್ನುವುದಕ್ಕಿಂತ ಬಾಯಿಗೆ ಸಿಕ್ಕಿದ್ದನ್ನು, ಕಚ್ಚಿಕೊಂಡು ಬಾಲ ಬೀಸುತ್ತ ಬಂದವರನ್ನು ಎದುರುಗೊಳ್ಳುತ್ತದೆ. ಅಪರಿಚಿತನೂ ಅದಕ್ಕೆ ನೆಂಟನೇ. ಶೆಫರ್ಡ್ ಬಾಗಿಲಿಗೂ ನಿಮಗೂ ನಡುವೆ ನಿಂತು ಬೊಗಳುತ್ತದೆ, ಬಂದವರನ್ನು ಅಳೆಯುತ್ತದೆ, ನಿಮ್ಮ ಮುಖವನ್ನೂ ನೋಡುತ್ತದೆ. ದಿನಕ್ಕೆ ಹತ್ತು ಜನ ಬಂದುಹೋಗುವ ಮನೆಯಲ್ಲಿ, ಹತ್ತು ಸಲವೂ ಹೀಗೆ ನಿರ್ಧರಿಸಬೇಕಾದ ಶೆಫರ್ಡಿಗೆ ನೆಮ್ಮದಿ ಇರುವುದಿಲ್ಲ. ಅಂಥ ಮನೆಗೆ ಲ್ಯಾಬ್ರಡಾರೇ ಸರಿ. ಮನೆ ಕಾಯಲೆಂದು ಶೆಫರ್ಡನ್ನು ತಂದು, ಕಲಿಸುವುದಕ್ಕೆ ಹೊತ್ತಿಲ್ಲದೆ ಸರಪಳಿ ಬಿಗಿದು ಕಟ್ಟಿಹಾಕುವವರಿಗೆ ಒಂದು ಮಾತು ಹೇಳಲೇಬೇಕು: ಹಾಗೆ ಬೆಳೆದ ನಾಯಿ ಅಂಜುಬುರುಕವಾಗುತ್ತದೆ, ಅಂಜಿದ ನಾಯಿ ಕಳ್ಳನಿಗೂ ಮನೆಯ ಮಗುವಿಗೂ ವ್ಯತ್ಯಾಸವೆಣಿಸದೆ ಕಚ್ಚಬಹುದು.

ಚಿಕ್ಕ ಮಕ್ಕಳಿರುವ ಮನೆಯಲ್ಲಿ ಎರಡಕ್ಕೂ ಅವುಗಳದೇ ತೊಡಕುಗಳಿವೆ. ಓಡುವ ಮಗುವನ್ನು ಕಂಡರೆ ಎಳೆಯ ಶೆಫರ್ಡ್ ಮಂದೆ ತಿರುಗಿಸುವ ಹುಟ್ಟುಗುಣದಿಂದ ಸುತ್ತುಹಾಕಿ ಹಿಮ್ಮಡಿಗೆ ಬಾಯಿ ಹಾಕುವುದುಂಟು. ಲ್ಯಾಬ್ರಡಾರ್ ಪ್ರೀತಿಯಿಂದಲೇ ಮೈಮೇಲೆ ಹಾರಿ ಮಗುವನ್ನು ಕೆಡವುತ್ತದೆ. ಅದರ ಮರಿತನ ಎರಡು ವರ್ಷವಾದರೂ ಇಳಿಯುವುದಿಲ್ಲ. ಐದು ವರ್ಷದ ಮಗುವನ್ನು ಯಾವ ತಳಿಯ ನಾಯಿಯೊಡನೆಯೂ ಒಂಟಿಯಾಗಿ ಬಿಡಬಾರದು.

ಲ್ಯಾಬ್ರಡಾರಿನ ಹಸಿವನ್ನು ಕುರಿತು ಸ್ವಲ್ಪ ವಿವರವಾಗಿಯೇ ಹೇಳಬೇಕು. ಬಟ್ಟಲು ಖಾಲಿಯಾದ ಮರುಕ್ಷಣವೇ ಅಂಗಲಾಚುವ ಆ ನೋಟವನ್ನು ನಾವು ಹೊಟ್ಟೆಬಾಕತನವೆಂದು ನಗೆಯಾಡುತ್ತೇವೆ. 2016ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು, ಹೊಟ್ಟೆ ತುಂಬಿತೆಂದು ಮಿದುಳಿಗೆ ತಿಳಿಸುವ ಏರ್ಪಾಡಿಗೆ ಸಂಬಂಧಿಸಿದ ಒಂದು ಜೀನಿನ ತುಣುಕು ಸುಮಾರು ಕಾಲುಭಾಗದಷ್ಟು ಲ್ಯಾಬ್ರಡಾರುಗಳಲ್ಲಿ ಬಿಟ್ಟುಹೋಗಿರುವುದನ್ನು ಕಂಡುಕೊಂಡರು. ಅಂಥ ನಾಯಿಗೆ ಹಸಿವು ನಿಜವಾಗಿಯೂ ತೀರುವುದಿಲ್ಲ. ತಿನಿಸಿನ ಆಸೆ ತೋರಿಸಿ ಇದಕ್ಕೆ ಪಾಠ ಕಲಿಸುವುದು ಸುಲಭವೆಂಬುದು ಲಾಭ. ಮೈ ಬೆಳೆದು ಕೀಲುಗಳ ಮೇಲೆ ಭಾರ ಬೀಳುವುದು ನಷ್ಟ. ಆದ್ದರಿಂದ ಆಹಾರವನ್ನು ಅಳೆದೇ ಹಾಕುವ, ಅಜ್ಜಿ ಒಂದು ಕಡೆಯಿಂದ ಮೊಮ್ಮಗ ಇನ್ನೊಂದು ಕಡೆಯಿಂದ ಕದ್ದು ತಿನ್ನಿಸದ ಶಿಸ್ತು ಮನೆಯಲ್ಲಿ ಇದೆಯೇ ಎಂದು ಮೊದಲೇ ಯೋಚಿಸಬೇಕು.

ಶೆಫರ್ಡ್ ಕೇಳುವ ಶಿಸ್ತು ಬೇರೆ ಬಗೆಯದು. ಅದಕ್ಕೆ ದಿನವೂ ಮಿದುಳಿಗೆ ಕೆಲಸ ಬೇಕು, ಮನೆಯಲ್ಲಿ ಒಬ್ಬರಾದರೂ ಅದರ ತರಬೇತಿಯನ್ನು ತಮ್ಮ ಹೊಣೆಯೆಂದು ತಿಳಿಯಬೇಕು. ಅಮೆರಿಕದಲ್ಲಿ 1929ರಲ್ಲಿ ಅಂಧರಿಗಾಗಿ ಮಾರ್ಗದರ್ಶಿ ನಾಯಿಗಳ ಶಾಲೆ ಆರಂಭವಾದಾಗ ಅದಕ್ಕೆ ಪ್ರೇರಣೆಯಾದದ್ದು ಬಡ್ಡಿ ಎಂಬ ಶೆಫರ್ಡ್; ಇಂದು ಆ ಕೆಲಸದಲ್ಲಿ ಲ್ಯಾಬ್ರಡಾರುಗಳೇ ಹೆಚ್ಚು. ಶೆಫರ್ಡ್ ದಡ್ಡವಾಯಿತೆಂದು ಇದರ ಅರ್ಥವಲ್ಲ. ಹೊಸಬರ ಕೈಗೆ, ಹೊಸ ಊರಿಗೆ, ಗದ್ದಲಕ್ಕೆ ಲ್ಯಾಬ್ರಡಾರ್ ಬೇಗ ಹೊಂದಿಕೊಳ್ಳುತ್ತದೆ. ಇದೇ ಕಾರಣಕ್ಕೆ, ಮೊದಲ ಸಲ ನಾಯಿ ಸಾಕುವವರು ನನ್ನನ್ನು ಕೇಳಿದರೆ ನಾನು ಲ್ಯಾಬ್ರಡಾರನ್ನೇ ಹೇಳುತ್ತೇನೆ. ಆದರೆ ಬೆಳಗಿನಿಂದ ಸಂಜೆಯವರೆಗೆ ಬೀಗ ಬೀಳುವ ಮನೆಗೆ ಎರಡನ್ನೂ ಹೇಳಲಾರೆ.

ಕೂದಲು ಎರಡೂ ಉದುರಿಸುತ್ತವೆ. ಶೆಫರ್ಡ್ ತುಸು ಹೆಚ್ಚು.

ಕೊನೆಯದಾಗಿ ಮರಿಯನ್ನು ತರುವ ವಿಚಾರ. ಸೊಂಟದ ಕೀಲು ಸರಿಯಾಗಿ ಕೂಡದಿರುವ ತೊಂದರೆ ಎರಡೂ ತಳಿಗಳಲ್ಲಿ ವಂಶದಿಂದ ಬರುವುದರಿಂದ, ತಂದೆತಾಯಿ ನಾಯಿಗಳ ಸೊಂಟದ ಎಕ್ಸ್‌ರೇ ವರದಿಯನ್ನು ಕೇಳಿ ನೋಡಬೇಕು. ಎಂಟು ವಾರ ತುಂಬುವ ಮೊದಲು ಮರಿಯನ್ನು ತಾಯಿಯಿಂದ ಅಗಲಿಸಬಾರದು. ತಾಯಿನಾಯಿಯ ಬಳಿ ಸ್ವಲ್ಪ ಹೊತ್ತು ಕುಳಿತು, ಅದು ಅಪರಿಚಿತರಾದ ನಿಮ್ಮೊಡನೆ ಹೇಗೆ ನಡೆದುಕೊಳ್ಳುತ್ತದೆಂದು ಗಮನಿಸಿ. ಮರಿ ನಾಳೆ ನಿಮ್ಮ ಅತಿಥಿಗಳೊಡನೆ ಹೇಗಿದ್ದೀತೆಂಬ ಸುಳಿವು ಅಲ್ಲೇ ಸಿಗುತ್ತದೆ. ತಾಯಿಯನ್ನು ತೋರಿಸಲು ನೆಪ ಹೇಳುವವರಿದ್ದರೆ ಮರಿ ಎಷ್ಟೇ ಮುದ್ದಾಗಿದ್ದರೂ ಬರಿಗೈಯಲ್ಲಿ ಹಿಂದಿರುಗಿ ಬನ್ನಿ.

ನಮಸ್ಕಾರ.