ಘಾನಾವನ್ನು ಆಳಿದವರು: ಕುರ್ಚಿ ಬಿಟ್ಟ ಬಗೆ

ಎಲ್ಲರಿಗೂ ನಮಸ್ಕಾರ.

ಪಶ್ಚಿಮ ಆಫ್ರಿಕಾದ ಘಾನಾವನ್ನು ಸ್ವಾತಂತ್ರ್ಯದ ನಂತರ ಯಾರ್ಯಾರು ಆಳಿದರು ಎಂಬ ಪಟ್ಟಿ ಎಲ್ಲಿ ಬೇಕಾದರೂ ಸಿಗುತ್ತದೆ. ಅವರು ಕುರ್ಚಿ ಬಿಟ್ಟದ್ದು ಹೇಗೆ ಎಂಬುದನ್ನು ನಾನಿಲ್ಲಿ ಹೇಳಬೇಕೆಂದಿದ್ದೇನೆ. ಆ ದೇಶ ಪಟ್ಟ ಪಾಡೂ ಕಲಿತ ಪಾಠವೂ ಕಾಣುವುದು ಅಲ್ಲಿಯೇ.

ಮೊದಲನೆಯವರು ಕ್ವಾಮೆ ಎನ್‌ಕ್ರುಮಾ. 1951ರ ಚುನಾವಣೆಯನ್ನು ಅವರು ಅಕ್ರಾದ ಜೇಮ್ಸ್ ಫೋರ್ಟ್ ಜೈಲಿನಲ್ಲಿದ್ದುಕೊಂಡೇ ಗೆದ್ದರು. ಬ್ರಿಟಿಷ್ ಗವರ್ನರ್ ಅವರನ್ನು ಬಿಡುಗಡೆ ಮಾಡಿ ಸರ್ಕಾರ ನಡೆಸಲು ಕರೆಯಬೇಕಾಯಿತು. 1957ರ ಮಾರ್ಚ್ 6ರಂದು ಸ್ವಾತಂತ್ರ್ಯ ಬಂತು. 1960ರಲ್ಲಿ ದೇಶ ಗಣರಾಜ್ಯವಾಗಿ, ಪ್ರಧಾನಿ ಎನ್‌ಕ್ರುಮಾ ಅಧ್ಯಕ್ಷರಾದರು. ತೇಮಾ ಬಂದರು, ವೋಲ್ಟಾ ನದಿಯ ಅಕೊಸೊಂಬೊ ಅಣೆಕಟ್ಟು ಅವರ ಕಾಲದವು. ಇಡೀ ಆಫ್ರಿಕಾ ಒಂದಾಗಬೇಕೆಂದು ಅವರಷ್ಟು ಗಟ್ಟಿಯಾಗಿ ಕನಸು ಕಂಡ ನಾಯಕರು ಕಡಿಮೆ. ನನಗೆ ಅವರ ಮೇಲೆ ತುಂಬಾ ಗೌರವವಿದೆ. ಹಾಗಾಗಿಯೇ ಮುಂದಿನದನ್ನು ಹೇಳುವಾಗ ಸಂಕಟವಾಗುತ್ತದೆ.

1958ರಲ್ಲಿ ವಿಚಾರಣೆಯಿಲ್ಲದೆ ಯಾರನ್ನಾದರೂ ಐದು ವರ್ಷ ಬಂಧನದಲ್ಲಿಡಬಹುದಾದ ಕಾಯ್ದೆ ಬಂತು. ಎನ್‌ಕ್ರುಮಾ ಅವರನ್ನು 1947ರಲ್ಲಿ ಲಂಡನ್ನಿನಿಂದ ಊರಿಗೆ ಕರೆಸಿಕೊಂಡ ಪಕ್ಷದ ಹಿರಿಯರಲ್ಲಿ ಒಬ್ಬರು ಜೆ. ಬಿ. ಡಂಕ್ವಾ. 1960ರ ಅಧ್ಯಕ್ಷ ಚುನಾವಣೆಯಲ್ಲಿ ಎದುರು ನಿಂತವರೂ ಅವರೇ. ಆ ಮನುಷ್ಯ 1965ರ ಫೆಬ್ರುವರಿಯಲ್ಲಿ ಎನ್‌ಸಾವಾಮ್ ಜೈಲಿನಲ್ಲಿ ಬಂಧಿಯಾಗಿಯೇ ತೀರಿಕೊಂಡರು. ಅಷ್ಟರಲ್ಲಿ, 1964ರಲ್ಲಿ, ಜನಮತಗಣನೆ ನಡೆಸಿ ದೇಶದಲ್ಲಿ ಒಂದೇ ಪಕ್ಷವಿರಬೇಕೆಂದು ತೀರ್ಮಾನ ಮಾಡಿಸಿದ್ದಾಗಿತ್ತು. ಸರ್ಕಾರವನ್ನು ಮತ ಹಾಕಿ ಇಳಿಸುವ ದಾರಿ ಮುಚ್ಚಿಹೋಯಿತು. 1966ರ ಫೆಬ್ರುವರಿ 24ರಂದು, ವಿಯೆಟ್ನಾಂ ಶಾಂತಿಗಾಗಿ ಎನ್‌ಕ್ರುಮಾ ಹನೋಯ್‌ಗೆ ಹೊರಟಿದ್ದಾಗ ಸೈನ್ಯ ಅಧಿಕಾರ ಕಿತ್ತುಕೊಂಡಿತು. ಸುದ್ದಿ ಅವರಿಗೆ ಮುಟ್ಟಿದ್ದು ಬೀಜಿಂಗ್‌ನಲ್ಲಿ. ಅವರು ಮತ್ತೆ ಜೀವಂತವಾಗಿ ಘಾನಾ ನೋಡಲಿಲ್ಲ. 1972ರಲ್ಲಿ ಬುಖಾರೆಸ್ಟ್‌ನಲ್ಲಿ ಕೊನೆಯುಸಿರೆಳೆದರು.

ಆಮೇಲಿನದು ಬೇಗ ಬೇಗ ಉರುಳಿದ ಕಾಲ. ಜನರಲ್ ಆಂಕ್ರಾ, ಅವರ ನಂತರ ಅಫ್ರಿಫಾ. 1969ರ ಚುನಾವಣೆಯಲ್ಲಿ ಗೆದ್ದು ಪ್ರಧಾನಿಯಾದವರು ಸಮಾಜಶಾಸ್ತ್ರದ ಪ್ರಾಧ್ಯಾಪಕ ಕೋಫಿ ಬುಸಿಯಾ. ವಾಸದ ಪರವಾನಗಿ ಇಲ್ಲದ ವಿದೇಶೀಯರು ಎರಡು ವಾರದಲ್ಲಿ ಜಾಗ ಖಾಲಿ ಮಾಡಬೇಕೆಂದು ಅವರು ಆ ವರ್ಷವೇ ಹೊರಡಿಸಿದ ಆದೇಶ ಲಕ್ಷಾಂತರ ಜನರನ್ನು, ಮುಖ್ಯವಾಗಿ ನೈಜೀರಿಯಾದವರನ್ನು, ಬೀದಿಗೆ ತಳ್ಳಿತು. 1971ರ ಕೊನೆಗೆ ಸೇಡಿ ನಾಣ್ಯದ ಅಪಮೌಲ್ಯವಾಯಿತು. ಕೆಲವೇ ವಾರಗಳಲ್ಲಿ, ಚಿಕಿತ್ಸೆಗೆಂದು ಅವರು ಲಂಡನ್ನಿನಲ್ಲಿದ್ದಾಗ ಕರ್ನಲ್ ಅಚಿಯಾಂಪಾಂಗ್ ಅಧಿಕಾರ ಹಿಡಿದರು. ಅವರ ಕಾಲದಲ್ಲಿ ಕಾಳಸಂತೆ ಎಷ್ಟು ಬೆಳೆಯಿತೆಂದರೆ ಜನ ಅದಕ್ಕೆ 'ಕಲಬುಲೆ' ಎಂಬ ಹೆಸರನ್ನೇ ಇಟ್ಟರು. 1978ರಲ್ಲಿ ಅವರದೇ ಸೇನಾಧಿಕಾರಿಗಳು ಅವರನ್ನು ಇಳಿಸಿ ಅಕುಫೊ ಅವರನ್ನು ಕೂರಿಸಿದರು.

1979ರ ಜೂನ್ ತಿಂಗಳನ್ನು ಮಾತ್ರ ನಿಧಾನವಾಗಿ ನೋಡಬೇಕು. 4ನೇ ತಾರೀಖು ಕೆಳದರ್ಜೆಯ ಸೈನಿಕರು ದಂಗೆಯೆದ್ದು, ಬಂಧನದಲ್ಲಿದ್ದ ವಾಯುಪಡೆಯ ಯುವ ಅಧಿಕಾರಿ ಜೆರ್ರಿ ರಾಲಿಂಗ್ಸ್ ಅವರನ್ನು ಬಿಡಿಸಿ ನಾಯಕನನ್ನಾಗಿ ಮಾಡಿದರು. 16ರಂದು ಅಚಿಯಾಂಪಾಂಗ್ ಅವರನ್ನು ಗುಂಡಿಟ್ಟು ಕೊಂದರು. 18ರಂದು, ಮೊದಲೇ ಗೊತ್ತುಮಾಡಿದ್ದ ಚುನಾವಣೆಗೆ ಜನ ಸಾಲುಗಟ್ಟಿ ನಿಂತು ಮತ ಹಾಕಿದರು. 26ರಂದು ಅಫ್ರಿಫಾ ಮತ್ತು ಅಕುಫೊ ಗುಂಡಿಗೆ ಬಲಿಯಾದರು. ಹತ್ತು ದಿನಗಳ ಅಂತರದಲ್ಲಿ ಮೂವರು ಮಾಜಿ ಆಡಳಿತಗಾರರು ಹೋದರು. ಅಧಿಕಾರ ಬಿಟ್ಟರೆ ಪ್ರಾಣ ಉಳಿಯುವ ಭರವಸೆಯಿಲ್ಲದ ಕಡೆ ಯಾರು ತಾನೇ ಸುಮ್ಮನೆ ಬಿಟ್ಟುಕೊಡುತ್ತಾರೆ?

ರಾಲಿಂಗ್ಸ್ ಆ ಸೆಪ್ಟೆಂಬರಿನಲ್ಲಿ, ಚುನಾವಣೆ ಗೆದ್ದ ಹಿಲ್ಲಾ ಲಿಮನ್ ಅವರಿಗೆ ಅಧಿಕಾರ ವಹಿಸಿಕೊಟ್ಟರು. 1981ರ ಡಿಸೆಂಬರ್ 31ರಂದು ತಾವೇ ಅದನ್ನು ಕಿತ್ತುಕೊಂಡರು. 1983ರಲ್ಲಿ ಬರ, ಕಾಡ್ಗಿಚ್ಚು. ಸಾಲದ್ದಕ್ಕೆ ನೈಜೀರಿಯಾ ಹೊರಹಾಕಿದ ಸುಮಾರು ಹತ್ತು ಲಕ್ಷ ಜನ ಹಸಿದ ಊರಿಗೆ ವಾಪಸಾದರು. ಹಸಿವಿನಿಂದ ಕತ್ತಿನ ಕೆಳಗೆ ಎದ್ದು ಕಾಣುತ್ತಿದ್ದ ಎಲುಬನ್ನು ಜನ 'ರಾಲಿಂಗ್ಸ್ ಸರ' ಎಂದು ಕರೆದರು.

ಇದೇ ರಾಲಿಂಗ್ಸ್ ಕಾಲದಲ್ಲಿ 1992ರ ಸಂವಿಧಾನ ಬಂತು. ಅಧ್ಯಕ್ಷರ ಅವಧಿ ನಾಲ್ಕು ವರ್ಷ. ಎರಡು ಅವಧಿ ಮೀರುವಂತಿಲ್ಲ. ಕ್ಷಿಪ್ರಕ್ರಾಂತಿ ನಡೆಸಿದವರನ್ನು ಯಾವ ಕೋರ್ಟೂ ಪ್ರಶ್ನಿಸುವಂತಿಲ್ಲ ಎಂಬ ರಕ್ಷಣೆಯೂ ಅದರ ಕೊನೆಯ ಭಾಗದಲ್ಲಿದೆ. ಸತ್ತವರ ಮನೆಯವರ ಪಾಲಿಗೆ ಇದು ಅನ್ಯಾಯ, ಅನುಮಾನವೇ ಬೇಡ. ಆದರೆ ಇಳಿದ ಮೇಲೆ ಕೊಲ್ಲುವುದಿಲ್ಲ ಎಂಬ ಮಾತು ಆ ದೇಶದಲ್ಲಿ ಬರಹಕ್ಕಿಳಿದದ್ದು ಹೀಗೆ ಎಂದು ನನಗನಿಸುತ್ತದೆ. 2001ರ ಜನವರಿ 7ರಂದು ರಾಲಿಂಗ್ಸ್ ಇಳಿದರು. ಅವರ ಪಕ್ಷದ ಅಭ್ಯರ್ಥಿ ಅಟ್ಟಾ ಮಿಲ್ಸ್ ಸೋತಿದ್ದರು. ಗೆದ್ದ ವಿರೋಧಪಕ್ಷದ ಕುಫುಯೊರ್ ಪ್ರಮಾಣವಚನ ಸ್ವೀಕರಿಸಿದರು. ಸ್ವತಂತ್ರ ಘಾನಾದಲ್ಲಿ ಮತಪೆಟ್ಟಿಗೆಯ ಮೂಲಕ ಒಂದು ಪಕ್ಷದಿಂದ ಇನ್ನೊಂದಕ್ಕೆ ಅಧಿಕಾರ ಹೋದದ್ದು ಅದೇ ಮೊದಲು.

ಸೋತವರು ಒಪ್ಪಿಕೊಳ್ಳುವುದಕ್ಕೆ ಬರೀ ದೊಡ್ಡ ಮನಸ್ಸು ಸಾಲದು, ಲೆಕ್ಕವೂ ಬೇಕು. ಘಾನಾದಲ್ಲಿ ಮತದಾನ ಮುಗಿದ ಕೂಡಲೇ ಅದೇ ಮತಗಟ್ಟೆಯಲ್ಲಿ, ನೆರೆದವರ ಕಣ್ಣೆದುರಿಗೇ, ಮತಪತ್ರಗಳನ್ನು ಎತ್ತಿ ತೋರಿಸಿ ಎಣಿಸುತ್ತಾರೆ. ಸಂಖ್ಯೆಗಳನ್ನು ಬರೆದ ಹಾಳೆಗೆ ಪಕ್ಷಗಳ ಏಜೆಂಟರು ಸಹಿ ಹಾಕುತ್ತಾರೆ. ಗುಲಾಬಿ ಬಣ್ಣದ ಕಾರ್ಬನ್ ಪ್ರತಿಯನ್ನು ಒಯ್ಯುತ್ತಾರೆ. ಅದೇ ಅಲ್ಲಿನವರ 'ಪಿಂಕ್ ಶೀಟ್'. ಖಾಸಗಿ ಎಫ್‌ಎಂ ವರದಿಗಾರರು ಅಲ್ಲಿಂದಲೇ ಫಲಿತಾಂಶ ಹೇಳಿಬಿಡುತ್ತಾರೆ. 2008ರ ಎರಡನೇ ಸುತ್ತಿನಲ್ಲಿ ಮಿಲ್ಸ್ ಗೆದ್ದದ್ದು ಸುಮಾರು 40,000 ಮತಗಳಿಂದ. ಸೋತ ಅಕುಫೊ-ಆಡ್ಡೊ ಬೀದಿಗಿಳಿಯಲಿಲ್ಲ. ಅಧಿಕಾರದಲ್ಲಿದ್ದಾಗಲೇ 2012ರ ಜುಲೈನಲ್ಲಿ ಮಿಲ್ಸ್ ತೀರಿಕೊಂಡರು. ಅಂದೇ ಉಪಾಧ್ಯಕ್ಷ ಮಹಾಮ ಪ್ರಮಾಣವಚನ ಸ್ವೀಕರಿಸಿದರು, ಡಿಸೆಂಬರಿನಲ್ಲಿ ಚುನಾವಣೆಯನ್ನೂ ಗೆದ್ದರು. ಆಗ ಅಕುಫೊ-ಆಡ್ಡೊ ಪಿಂಕ್ ಶೀಟ್‌ಗಳನ್ನು ಹೊತ್ತು ಸುಪ್ರೀಂ ಕೋರ್ಟಿಗೆ ಹೋದರು. ತಿಂಗಳುಗಟ್ಟಲೆ ನಡೆದ ವಿಚಾರಣೆಯನ್ನು ದೇಶವೇ ಟಿವಿಯಲ್ಲಿ ನೇರವಾಗಿ ನೋಡಿತು. 2013ರ ಆಗಸ್ಟಿನಲ್ಲಿ ತೀರ್ಪು ವಿರುದ್ಧ ಬಂತು. ಒಪ್ಪಿಗೆಯಾಗದಿದ್ದರೂ ತಲೆಬಾಗುತ್ತೇನೆ ಎಂದು ಅವರು ಅಂದೇ ಹೇಳಿ, ಮಹಾಮರಿಗೆ ಫೋನ್ ಮಾಡಿದರು. ಈ ಅಕುಫೊ-ಆಡ್ಡೊ, ಜೈಲಿನಲ್ಲಿ ಸತ್ತ ಡಂಕ್ವಾ ಅವರಿಗೆ ಸಂಬಂಧದಲ್ಲಿ ಮೊಮ್ಮಗ. 2016ರಲ್ಲಿ ಮಹಾಮರನ್ನು ಸೋಲಿಸಿ ಅಧ್ಯಕ್ಷರಾದರು.

ಪ್ರೌಢಶಾಲೆಯ ಮೇಲಿನ ಹಂತದ ಶಿಕ್ಷಣವನ್ನು ಅವರು ಉಚಿತ ಮಾಡಿದರು. ಆದರೆ 2022ರಲ್ಲಿ ಹಣದುಬ್ಬರ ಶೇ. 50 ದಾಟಿತು, ವಿದೇಶಿ ಸಾಲದ ಕಂತು ಕಟ್ಟಲಾಗದೆ ಸರ್ಕಾರ ಕೈಚೆಲ್ಲಿತು. ಜನರ ಸಿಟ್ಟು 2024ರ ಡಿಸೆಂಬರ್ 7ರಂದು ಮತವಾಯಿತು. ಆಳುವ ಪಕ್ಷದ ಅಭ್ಯರ್ಥಿ, ಉಪಾಧ್ಯಕ್ಷ ಬಾವುಮಿಯಾ, ತಮ್ಮ ಪಕ್ಷದವರೇ ಲೆಕ್ಕ ಹಾಕಿದ ಅಂಕಿಗಳನ್ನು ನೋಡಿ, ಆಯೋಗ ಫಲಿತಾಂಶ ಸಾರುವ ಮೊದಲೇ, ಮರುದಿನ ಬೆಳಿಗ್ಗೆ ಮಹಾಮರಿಗೆ ಕರೆ ಮಾಡಿ ಅಭಿನಂದಿಸಿದರು. 2025ರ ಜನವರಿ 7ರಂದು ಮಹಾಮ ಮತ್ತೆ ಅಧ್ಯಕ್ಷರಾದರು. ಇದು ಅವರ ಎರಡನೇ ಅವಧಿ. ಸಂವಿಧಾನದ ಪ್ರಕಾರ 2029ರ ಜನವರಿಯಲ್ಲಿ ಅವರೂ ಇಳಿಯಬೇಕು.