ಐದು ಪೆಸೊ ನಾಣ್ಯದ ಊರು: ಮನಿಲಾದ ಸಾಮಾನ್ಯರ ದಿನಚರಿ ಮತ್ತು ಹವ್ಯಾಸಗಳು

ಎಲ್ಲರಿಗೂ ನಮಸ್ಕಾರ.

ಫಿಲಿಪ್ಪೀನ್ಸ್‌ನ ರಾಜಧಾನಿ ಮನಿಲಾ ಎಂದಕೂಡಲೇ ನಮ್ಮಲ್ಲಿ ಹಲವರಿಗೆ ನೆನಪಾಗುವುದು ಅಲ್ಲಿ ಕೊಡುವ ಮ್ಯಾಗ್ಸೆಸೆ ಪ್ರಶಸ್ತಿ. 1991ರಲ್ಲಿ ಹೆಗ್ಗೋಡಿನ ಕೆ.ವಿ. ಸುಬ್ಬಣ್ಣನವರಿಗೆ ಅದು ಸಂದಿತು. ಅದಕ್ಕೂ ಬಹಳ ಮೊದಲು, 1966ರಲ್ಲಿ, ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರಿಗೂ ಸಂದಿತ್ತು. ಪ್ರಶಸ್ತಿಯಿಂದಾಗಿ ಊರಿನ ಹೆಸರೇನೋ ನಮಗೆ ಗೊತ್ತು. ಆ ಊರಿನ ಸಾಮಾನ್ಯ ಮನುಷ್ಯ ಬೆಳಿಗ್ಗೆ ಎದ್ದು ಏನು ತಿನ್ನುತ್ತಾನೆ, ಕೆಲಸಕ್ಕೆ ಹೇಗೆ ಹೋಗುತ್ತಾನೆ, ಸಂಜೆ ಮನಸ್ಸು ಹಗುರವಾಗಬೇಕೆನಿಸಿದರೆ ಎಲ್ಲಿಗೆ ಹೋಗುತ್ತಾನೆ ಎಂಬುದು ಗೊತ್ತಿಲ್ಲ. ಕೆಲಸದ ನಿಮಿತ್ತ ಕೆಲವು ವರ್ಷ ಅಲ್ಲಿ ಬಾಡಿಗೆ ಮನೆಯಲ್ಲಿದ್ದ ನಾನು ಇವತ್ತು ಹೇಳಬೇಕೆಂದಿರುವುದು ಇಷ್ಟನ್ನೇ.

ಮೊದಲು ಊರಿನ ಅಳತೆ. ನಾವು ಮನಿಲಾ ಎನ್ನುವುದು ನಿಜವಾಗಿ ಮೆಟ್ರೊ ಮನಿಲಾ; 16 ನಗರಗಳು ಮತ್ತು ಪತೇರೋಸ್ ಎಂಬ ಒಂದು ಪುಟ್ಟ ಪಟ್ಟಣ ಸೇರಿ ಆದದ್ದು. 2020ರ ಜನಗಣತಿಯಲ್ಲಿ ಇಲ್ಲಿದ್ದವರು ಸುಮಾರು 1 ಕೋಟಿ 34 ಲಕ್ಷ ಜನ. ಹಳೆಯ ಮನಿಲಾ ನಗರವೊಂದರಲ್ಲೇ ಚದರ ಕಿಲೋಮೀಟರಿಗೆ 40 ಸಾವಿರಕ್ಕೂ ಹೆಚ್ಚು ಮಂದಿ ಬದುಕುತ್ತಾರೆ. ಅಷ್ಟು ಇಕ್ಕಟ್ಟಿನಲ್ಲಿ ಯಾರಿಗೂ ಯಾವುದೂ ಸಾಕಷ್ಟು ಸಿಗುವುದಿಲ್ಲ, ಜಾಗವಾಗಲಿ, ಹಣವಾಗಲಿ, ಬಿಡುವಾಗಲಿ. ಆದ್ದರಿಂದ ಅಲ್ಲಿನವರು ಎಲ್ಲವನ್ನೂ ಸ್ವಲ್ಪಸ್ವಲ್ಪವಾಗಿ ಕೊಳ್ಳುತ್ತಾರೆ, ದಿನಸಿಯನ್ನು ಮಾತ್ರವಲ್ಲದೆ ಸಂತೋಷವನ್ನೂ. ಅವರ ಹವ್ಯಾಸಗಳು ಅರ್ಥವಾಗಬೇಕಾದರೆ ಮೊದಲು ಅವರ ಅಂಗಡಿಯನ್ನು ನೋಡಬೇಕು.

ಅದರ ಹೆಸರು ಸಾರಿ-ಸಾರಿ. ಮನೆಯ ಮುಂಗೋಣೆಯನ್ನೇ ಅಂಗಡಿ ಮಾಡಿ ಬೀದಿಯ ಕಡೆಗೆ ಕಬ್ಬಿಣದ ಜಾಲರಿ ಹಾಕಿರುತ್ತಾರೆ. ಜಾಲರಿಯ ನಡುವೆ ಒಂದು ಕೈ ಹಿಡಿಸುವಷ್ಟು ಚೌಕದ ಕಿಂಡಿ. ಒಳಗೆ ಶಾಂಪೂ, ಕಾಫಿ ಪುಡಿ, ಸೋಪಿನ ಪುಡಿಯ ಪೊಟ್ಟಣಗಳು ಸೂರಿನಿಂದ ಮಾಲೆಮಾಲೆಯಾಗಿ ಇಳಿಬಿದ್ದಿರುತ್ತವೆ. ಗಿರಾಕಿ ನಾಣ್ಯದಿಂದ ಜಾಲರಿಯನ್ನು ತಟ್ಟಿ ‘ಪಬಿಲಿ ಪೊ’ ಎಂದು ಕೂಗುತ್ತಾನೆ; ಕೊಳ್ಳಬೇಕಿತ್ತು ಎಂದು ವಿನಯದಿಂದ ಹೇಳುವ ಮಾತು ಅದು. ಒಂದು ಬೆಳ್ಳುಳ್ಳಿ ಗಡ್ಡೆ, ಒಂದೇ ಒಂದು ಸಿಗರೇಟು, ಒಂದು ಹೊತ್ತಿನ ಅಡುಗೆಗಾಗುವಷ್ಟು ಎಣ್ಣೆ, ಎಲ್ಲವೂ ಸಿಗುತ್ತದೆ. ಎಣ್ಣೆಯನ್ನು ಸಣ್ಣ ಪ್ಲಾಸ್ಟಿಕ್ ಚೀಲಕ್ಕೆ ಸುರಿದು, ಬಾಯಿಯನ್ನು ತಿರುಚಿ ಗಂಟು ಹಾಕಿ ಕೊಡುತ್ತಾರೆ. ತಂಪು ಪಾನೀಯವನ್ನೂ ಹಾಗೆಯೇ ಚೀಲಕ್ಕೆ ಸುರಿದು ಒಂದು ಸ್ಟ್ರಾ ಸಿಕ್ಕಿಸುತ್ತಾರೆ, ಏಕೆಂದರೆ ಗಾಜಿನ ಬಾಟಲಿ ಅಂಗಡಿಗೆ ವಾಪಸ್ಸು ಬೇಕು. ಹೀಗೆ ಬಿಡಿಬಿಡಿಯಾಗಿ ಕೊಳ್ಳುವ ಪದ್ಧತಿಗೆ ತಿಂಗಿ ಎನ್ನುತ್ತಾರೆ. ಉದ್ರಿ ಲೆಕ್ಕಕ್ಕೊಂದು ನೋಟುಪುಸ್ತಕ ಇದ್ದೇ ಇರುತ್ತದೆ. ಸಂಬಳವನ್ನು ತಿಂಗಳಿಗೆ ಎರಡು ಸಲವಾದರೂ ಕೊಡಬೇಕೆಂಬುದು ಅಲ್ಲಿನ ಕಾರ್ಮಿಕ ಕಾನೂನು. ಹೆಚ್ಚಿನ ಕಚೇರಿಗಳಲ್ಲಿ 15ನೇ ಮತ್ತು 30ನೇ ತಾರೀಖಿನಂದು ಹಣ ಕೈಸೇರುತ್ತದೆ, ನೋಟುಪುಸ್ತಕದ ಸಾಲ ತೀರುವುದೂ ಅಂದೇ. ಆ ಎರಡು ಸಂಜೆ ರಸ್ತೆಗಳು ಉಳಿದ ದಿನಗಳಿಗಿಂತ ಹೆಚ್ಚು ಕಿಕ್ಕಿರಿಯುತ್ತವೆ.

ಬೆಳಗಿನ ಊಟೋಪಚಾರವೂ ಬೀದಿಯಲ್ಲೇ. ಪಾಂದೆಸಾಲ್ ಎಂಬ ಪುಟ್ಟ ಬನ್ನು ಬೇಕರಿಯಿಂದ ಬಿಸಿಯಾಗಿ ಬರುತ್ತದೆ. ಹೆಗಲ ಮೇಲಿನ ಕೋಲಿನ ಎರಡು ತುದಿಗೆ ಅಲ್ಯೂಮಿನಿಯಂ ಡಬ್ಬಿ ತೂಗಿಸಿಕೊಂಡು, ‘ತಾಹೊ’ ಎಂದು ಕೊನೆಯ ಅಕ್ಷರವನ್ನು ಓಣಿಯುದ್ದಕ್ಕೂ ಎಳೆಯುತ್ತ ಒಬ್ಬ ಬರುತ್ತಾನೆ. ಒಂದು ಡಬ್ಬಿಯಲ್ಲಿ ಸೋಯಾ ಹಾಲಿನ ಮೆತ್ತನೆಯ ಗಿಣ್ಣು, ಇನ್ನೊಂದರಲ್ಲಿ ಬೆಲ್ಲದ ಬಣ್ಣದ ಸಕ್ಕರೆ ಪಾಕ ಮತ್ತು ಸಾಬುದಾನಿ. ಮಕ್ಕಳು ಮನೆಯಿಂದ ಲೋಟ ಹಿಡಿದು ಓಡುತ್ತವೆ.

ಇನ್ನು ಪ್ರಯಾಣ. ಎರಡನೇ ಮಹಾಯುದ್ಧದ ನಂತರ ಅಮೆರಿಕದ ಸೈನ್ಯ ಬಿಟ್ಟುಹೋದ ಜೀಪುಗಳ ಹಿಂಭಾಗವನ್ನು ಉದ್ದಮಾಡಿ, ಬಣ್ಣ ಬಳಿದು ಮಾಡಿದ ವಾಹನ ಜೀಪ್ನಿ. ಲಾಸ್ ಪಿನ್ಯಾಸ್‌ನಲ್ಲಿ 1953ರಲ್ಲಿ ಆರಂಭವಾದ ಸಾರಾವೊ ಕಾರ್ಖಾನೆ ಅದಕ್ಕೆ ಇವತ್ತಿನ ರೂಪ ಕೊಟ್ಟವುಗಳಲ್ಲಿ ಮುಖ್ಯವಾದುದು. ಎದುರುಬದುರು ಎರಡು ಉದ್ದ ಬೆಂಚು, ಹತ್ತಿ ಇಳಿಯಲು ಹಿಂದಿನ ಬಾಗಿಲು. ಕಂಡಕ್ಟರ್ ಇಲ್ಲ. ಹಿಂದೆ ಕೂತವನು ‘ಬಾಯಾದ್ ಪೊ’ ಎಂದು ದುಡ್ಡು ಚಾಚಿದರೆ ಪಕ್ಕದವರು ತೆಗೆದುಕೊಂಡು ಮುಂದಿನವರಿಗೆ ಕೊಡುತ್ತಾರೆ. ಅದು ಕೈಯಿಂದ ಕೈಗೆ ದಾಟಿ ಚಾಲಕನನ್ನು ಮುಟ್ಟುತ್ತದೆ, ಉಳಿದ ಚಿಲ್ಲರೆ ಅದೇ ದಾರಿಯಲ್ಲಿ ಹಿಂದಕ್ಕೆ ಬರುತ್ತದೆ. ಚಾಲಕ ಒಂದು ಕೈಯಲ್ಲಿ ಸ್ಟಿಯರಿಂಗ್ ಹಿಡಿದು, ಮಡಿಸಿದ ನೋಟುಗಳನ್ನು ಬೆರಳ ಸಂದಿಗಳಲ್ಲಿ ಸಿಕ್ಕಿಸಿಕೊಂಡು, ಯಾರು ಎಲ್ಲಿ ಹತ್ತಿದರು ಎಂಬುದನ್ನು ಕನ್ನಡಿಯಲ್ಲೇ ನೋಡಿ ನೆನಪಿಟ್ಟಿರುತ್ತಾನೆ. ಬೆಳಗಿನ ಹೊತ್ತು ಚಿಲ್ಲರೆಯನ್ನೇ ಕೊಡಿ ಎಂಬ ಬರಹ ಹಲವು ಜೀಪ್ನಿಗಳಲ್ಲಿ ಕಾಣುತ್ತದೆ. 2023ರ ಅಕ್ಟೋಬರಿನಲ್ಲಿ ಮೊದಲ 4 ಕಿಲೋಮೀಟರಿನ ದರ ಅಲ್ಲಿನ ಹಣದಲ್ಲಿ 13 ಪೆಸೊ ಆಯಿತು. ಆ ಇಕ್ಕಟ್ಟಿನಲ್ಲಿ, ಸುಸ್ತಾದ ಜನರ ನಡುವೆ, ಅಪರಿಚಿತರ ಹಣ ಹೀಗೆ ನಿರಾತಂಕವಾಗಿ ಓಡಾಡುವುದನ್ನು ನಾನು ಬೇರೆ ಯಾವ ಮಹಾನಗರದಲ್ಲೂ ನೋಡಿಲ್ಲ. ಎಡ್ಸಾ ಹೆದ್ದಾರಿಯ ವಾಹನ ದಟ್ಟಣೆಯನ್ನು ಬೆಂಗಳೂರಿನ ಸಭಿಕರಿಗೆ ವಿವರಿಸಬೇಕಿಲ್ಲ. ಅದೇ ರಸ್ತೆಯಲ್ಲಿ 1986ರ ಫೆಬ್ರವರಿಯಲ್ಲಿ ಲಕ್ಷಾಂತರ ಜನ ನಿಂತು ಮಾರ್ಕೋಸ್ ಸರ್ವಾಧಿಕಾರವನ್ನು ಕೊನೆಗಾಣಿಸಿದರು ಎಂಬುದನ್ನಷ್ಟೇ ನೆನಪಿಸುತ್ತೇನೆ.

ದಿನಕ್ಕೆ ಮೂರು ನಾಲ್ಕು ತಾಸು ರಸ್ತೆಯಲ್ಲೇ ಕಳೆಯುವವನಿಗೆ, ಅಥವಾ ಅಮೆರಿಕದ ಗಡಿಯಾರಕ್ಕೆ ತಕ್ಕಂತೆ ರಾತ್ರಿಯಿಡೀ ಕಾಲ್ ಸೆಂಟರಿನಲ್ಲಿ ದುಡಿಯುವವಳಿಗೆ, ಹವ್ಯಾಸಕ್ಕೆ ಉಳಿಯುವುದೇನು? ಈಗ ಐದು ಪೆಸೊ ನಾಣ್ಯದ ವಿಷಯಕ್ಕೆ ಬರುತ್ತೇನೆ. ಅದರ ಮೇಲೆ ಕ್ರಾಂತಿಕಾರಿ ಆಂದ್ರೇಸ್ ಬೊನಿಫಾಸಿಯೊನ ಮುಖವಿದೆ. ದುಂಡಗಿದ್ದಾಗ ಒಂದು ಪೆಸೊ ಎಂದು ತಪ್ಪು ತಿಳಿದು ಕೊಟ್ಟುಬಿಡುತ್ತಿದ್ದರು, ಹಾಗಾಗಿ 2019ರ ಕೊನೆಯಲ್ಲಿ ಒಂಬತ್ತು ಮೂಲೆಯ ನಾಣ್ಯ ಬಂತು. ಆ ನಾಣ್ಯವನ್ನು ವಿಡಿಯೋಕೆ ಪೆಟ್ಟಿಗೆಗೆ ಹಾಕಿದರೆ ಒಂದು ಹಾಡು ನಿಮ್ಮದು.

ನಾವು ಕರೋಕೆ ಎನ್ನುವುದರ ಬೀದಿ ಅವತಾರವೇ ಈ ವಿಡಿಯೋಕೆ. ಹಿನ್ನೆಲೆ ಸಂಗೀತಕ್ಕೆ ಹಾಡುವ ಯಂತ್ರವನ್ನು ಜಪಾನಿನ ಇನೂಯೆ ದೈಸುಕೆ 1971ರಲ್ಲಿ ಮಾಡಿದ್ದರು, ಪೇಟೆಂಟ್ ಪಡೆಯಲಿಲ್ಲ. ಅಂಥದ್ದೇ ಯಂತ್ರವನ್ನು ಸ್ವತಂತ್ರವಾಗಿ ರೂಪಿಸಿ ಎಂಬತ್ತರ ದಶಕದಲ್ಲಿ ಪೇಟೆಂಟ್ ಪಡೆದವರು ಫಿಲಿಪ್ಪೀನ್ಸ್‌ನ ರೊಬೆರ್ತೊ ದೆಲ್ ರೊಸಾರಿಯೊ. ದಪ್ಪ ಪುಸ್ತಕದಲ್ಲಿ ಹಾಡಿನ ಸಂಖ್ಯೆ ಹುಡುಕಬೇಕು, ಗುಂಡಿ ಒತ್ತಬೇಕು, ಹಾಡಬೇಕು. ಮುಗಿದ ಮೇಲೆ ಯಂತ್ರವೇ ತುತ್ತೂರಿ ಊದಿ ಅಂಕ ಕೊಡುತ್ತದೆ. ಹುಟ್ಟುಹಬ್ಬವಿದ್ದರೆ ಪೆಟ್ಟಿಗೆಯನ್ನು ಬಾಡಿಗೆಗೆ ತಂದು ಬೀದಿಗೆ ಇಡುತ್ತಾರೆ. ನಮ್ಮ ಓಣಿಯ ಇಸ್ತ್ರಿ ಅಂಗಡಿಯ ಹೆಂಗಸು ಹಗಲಿಡೀ ತಲೆ ಎತ್ತದೆ ದುಡಿಯುತ್ತಿದ್ದರು. ಶನಿವಾರ ಮಾತ್ರ ಮೈಕು ಕೈಗೆ ಬಂದರೆ ಬೆನ್ನು ನೆಟ್ಟಗಾಗುತ್ತಿತ್ತು, ಕಣ್ಣು ಪರದೆಯ ಮೇಲಿರುತ್ತಿರಲಿಲ್ಲ, ಸಾಹಿತ್ಯ ಅವರಿಗೆ ಬಾಯಿಪಾಠ. ಶ್ರುತಿ ತಪ್ಪಿದವನನ್ನು ನೋಡಿ ಅಲ್ಲಿ ಯಾರೂ ನಗುವುದಿಲ್ಲ. ಹಾಡುವುದಕ್ಕೆ ಪ್ರತಿಭೆಯ ಅಪ್ಪಣೆ ಬೇಕೆಂಬ ಭಾವನೆಯೇ ಆ ಜನರಲ್ಲಿಲ್ಲ. ನೆರೆಯವರಿಗೆ ಗದ್ದಲವಾಗುವುದು ನಿಜ, ಅದಕ್ಕಾಗಿ ಹಲವು ಸ್ಥಳೀಯ ಆಡಳಿತಗಳು ರಾತ್ರಿ ಹತ್ತರ ಗಡುವು ಹಾಕಿವೆ.

ಇನ್ನೊಂದು ಪ್ರೀತಿ ಬ್ಯಾಸ್ಕೆಟ್‌ಬಾಲ್. ಅಮೆರಿಕದ ಆಳ್ವಿಕೆಯಲ್ಲಿ ಶಾಲೆಗಳ ಮೂಲಕ ಬಂದ ಆಟ. 1954ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಫಿಲಿಪ್ಪೀನ್ಸ್ ಕಂಚು ಗೆದ್ದಿತ್ತು. 1975ರಲ್ಲಿ ಏಷ್ಯಾದ ಮೊದಲ ವೃತ್ತಿಪರ ಲೀಗ್ ಹುಟ್ಟಿದ್ದೂ ಅಲ್ಲೇ. 2023ರ ಆಗಸ್ಟ್ 25ರಂದು ವಿಶ್ವಕಪ್ಪಿನಲ್ಲಿ ತಮ್ಮ ತಂಡದ ಮೊದಲ ಪಂದ್ಯ ನೋಡಲು 38,115 ಜನ ಸೇರಿ ದಾಖಲೆ ಮಾಡಿದರು. ತಂಡ ಸೋತಿತು. ಆದರೆ ಈ ಆಟದ ನಿಜವಾದ ನೆಲೆ ಓಣಿ. ಕಂಬಕ್ಕೆ ಹಲಗೆ ಬಡಿದು ಕಬ್ಬಿಣದ ಬಳೆ ಸಿಕ್ಕಿಸಿದರೆ ಅಂಕಣ ಸಿದ್ಧ. ಹವಾಯಿ ಚಪ್ಪಲಿಯಲ್ಲೇ ಹುಡುಗರು ಓಡುತ್ತಾರೆ, ಟ್ರೈಸಿಕಲ್ ಬಂದರೆ ಆಟ ನಿಲ್ಲಿಸಿ ದಾರಿ ಬಿಡುತ್ತಾರೆ. ಸೋತವರು ಗೆದ್ದವರಿಗೆ ತಂಪು ಪಾನೀಯ ಕೊಡಿಸಬೇಕು. ಬಾರಂಗಾಯ್ ಎಂದರೆ ಅಲ್ಲಿನ ಅತ್ಯಂತ ಚಿಕ್ಕ ಆಡಳಿತ ಘಟಕ. ಎಷ್ಟೋ ಬಾರಂಗಾಯ್‌ಗಳಲ್ಲಿ ಇರುವ ಏಕೈಕ ಸಾರ್ವಜನಿಕ ಬಯಲು ಈ ಅಂಕಣವೇ. ಬೆಳಿಗ್ಗೆ ಹೆಂಗಸರ ವ್ಯಾಯಾಮ, ಸಂಜೆ ಪಂದ್ಯ, ಚುನಾವಣೆಯಲ್ಲಿ ಭಾಷಣ, ಚಂಡಮಾರುತ ಬಂದಾಗ ನಿರಾಶ್ರಿತರ ಚಾಪೆ, ಎಲ್ಲವೂ ಒಂದೇ ಸಿಮೆಂಟು ನೆಲದ ಮೇಲೆ. ಪಾರ್ಕುಗಳಿಗೆ ಜಾಗ ಬಿಡದ ಯೋಜಕರು ಮಾಡದ ಕೆಲಸವನ್ನು ಒಂದು ಆಟ ಮಾಡಿದೆ.

2020ರಲ್ಲಿ ಕೋವಿಡ್ ದಿಗ್ಬಂಧನದಲ್ಲಿ ಬೀದಿ ಮುಚ್ಚಿದಾಗ ಜನ ಗಿಡಗಳ ಕಡೆ ತಿರುಗಿದರು. ಹಾಲಿನ ಡಬ್ಬಿ, ಬಣ್ಣದ ಬಕೆಟ್ಟು, ಕಿಟಕಿಯ ಸರಳು, ಎಲ್ಲಿ ನೋಡಿದರೂ ಮೊಳಕೆ. ಗಿಡ ಬೆಳೆಸುವ ಹುಚ್ಚು ಹಿಡಿದವರನ್ನು ಪ್ಲಾಂತಿತೊ, ಪ್ಲಾಂತಿತಾ ಎಂದು ಕರೆದರು. ಗಿಡದ ಮಾಮಾ, ಗಿಡದ ಅತ್ತೆ ಎಂದಂತೆ. ಒಂದು ಎಲೆಯ ತುಂಡನ್ನು ನೀರಿನಲ್ಲಿಟ್ಟು ಬೇರು ಬರಿಸಿ ನೆರೆಮನೆಗೆ ಕೊಡುವುದು ವಾಡಿಕೆಯಾಯಿತು.

ಈ ಬಿಡಿ ಬದುಕನ್ನು ನಾನು ಹೊಗಳಿ ಬಿಟ್ಟುಬಿಡುವವನಲ್ಲ. ಪೊಟ್ಟಣದಲ್ಲಿ ಕೊಂಡವನು ಬಾಟಲಿ ಕೊಂಡವನಿಗಿಂತ ಹೆಚ್ಚಿನ ಬೆಲೆ ತೆರುತ್ತಾನೆ, ಅಂದರೆ ಬಡತನಕ್ಕೇ ದಂಡ. ಇಡೀ ಫಿಲಿಪ್ಪೀನ್ಸ್‌ನಲ್ಲಿ ದಿನವೊಂದಕ್ಕೆ 16 ಕೋಟಿಗೂ ಹೆಚ್ಚು ಪೊಟ್ಟಣಗಳು ಬಳಕೆಯಾಗುತ್ತವೆ ಎಂದು ಪರಿಸರ ಸಂಘಟನೆಯೊಂದರ 2019ರ ವರದಿ ಅಂದಾಜಿಸಿತ್ತು. ಅವು ಕಾಲುವೆಗಳನ್ನು ಕಟ್ಟುತ್ತವೆ, ಮಳೆಗಾಲದಲ್ಲಿ ನೀರು ಮನೆಗೆ ನುಗ್ಗುತ್ತದೆ. 2009ರ ಸೆಪ್ಟೆಂಬರ್ 26ರ ಒಂಡಾಯ್ ಚಂಡಮಾರುತದಲ್ಲಿ ಮರಿಕಿನಾ ಕಣಿವೆ ಮುಳುಗಿದ್ದನ್ನು ಅಲ್ಲಿನವರು ಮರೆತಿಲ್ಲ. ಕಸಕ್ಕೆ ಬಡವರನ್ನು ಬೈಯುವುದು ಸುಲಭ. ಆ ಪೊಟ್ಟಣ ಮಾಡಿದ ಕಂಪನಿಗಳು ಅದನ್ನು ವಾಪಸ್ಸು ಪಡೆಯುವ ಹೊಣೆ ಹೊರಬೇಕು ಎಂಬುದು ನನ್ನ ದೃಢ ಅಭಿಪ್ರಾಯ. 2022ರಲ್ಲಿ ಅಂಥ ಕಾನೂನು ಬಂದಿದೆ, ಅದನ್ನು ಕಟ್ಟುನಿಟ್ಟಾಗಿ ಜಾರಿ ಮಾಡಬೇಕು. ಜೀಪ್ನಿಯ ಕಥೆಯೂ ಅಂಥದ್ದೇ. 2017ರಲ್ಲಿ ಶುರುವಾದ ಆಧುನೀಕರಣ ಯೋಜನೆ ಹೊಗೆ ಕಡಿಮೆ ಮಾಡಬೇಕೆನ್ನುತ್ತದೆ, ಅದು ನ್ಯಾಯ. ಆದರೆ ಹೊಸ ವಾಹನವೊಂದಕ್ಕೆ 20 ಲಕ್ಷ ಪೆಸೊಗೂ ಮೇಲೆ. ದಿನದ ಗಳಿಕೆಯಲ್ಲಿ ಬದುಕುವ ಚಾಲಕ ಆ ಸಾಲ ಹೇಗೆ ತೀರಿಸಬೇಕು? ಅವರು ಮುಷ್ಕರ ಹೂಡಿದ್ದರಲ್ಲಿ ನನಗೆ ತಪ್ಪು ಕಾಣುವುದಿಲ್ಲ.

ಕೊನೆಗೆ ಒಂದು ಮಾತು, ಈ ಸಭೆಯಲ್ಲಿರಬಹುದಾದ ತಂದೆತಾಯಿಯರಿಗೆ. ಭಾರತದಿಂದ ಸಾವಿರಾರು ಮಕ್ಕಳು ವೈದ್ಯಕೀಯ ಓದಲು ಫಿಲಿಪ್ಪೀನ್ಸ್‌ಗೆ ಹೋಗುತ್ತಾರೆ, ನಮ್ಮ ರಾಜ್ಯದವರೂ ಅವರಲ್ಲಿದ್ದಾರೆ. ಹಾಸ್ಟೆಲ್ ಕೋಣೆಯಲ್ಲಿ ನಮ್ಮವರ ಜೊತೆಗಷ್ಟೇ ಇದ್ದುಬಂದರೆ ಆ ದೇಶ ಅವರಿಗೆ ಪರೀಕ್ಷಾ ಕೇಂದ್ರವಾಗಿಯೇ ಉಳಿಯುತ್ತದೆ. ಒಂದೇ ಸಾರಿ-ಸಾರಿ ಅಂಗಡಿಗೆ ಮತ್ತೆಮತ್ತೆ ಹೋಗಲಿ, ಅಂಗಡಿಯಾಕೆಯ ಹೆಸರು ಕೇಳಿ ತಿಳಿಯಲಿ, ವಿನಯ ಸೂಚಿಸುವ ‘ಪೊ’ ಸೇರಿಸಿ ಮಾತನಾಡಲಿ. ಜೀಪ್ನಿಯಲ್ಲಿ ಪಕ್ಕದವರ ದುಡ್ಡು ಬಂದರೆ ಮುಂದಕ್ಕೆ ದಾಟಿಸಲಿ. ಯಾರಾದರೂ ಮೈಕು ಚಾಚಿದರೆ ಬೇಡವೆನ್ನದೆ ಹಾಡಲಿ, ಕನ್ನಡದ ಹಾಡಾದರೂ ಸರಿ; ಯಂತ್ರದಲ್ಲಿ ಆ ಸಂಖ್ಯೆ ಇರದಿದ್ದರೆ ಅವರೇ ಚಪ್ಪಾಳೆಯಲ್ಲಿ ತಾಳ ಹಾಕುತ್ತಾರೆ. ನಿಮ್ಮ ಪ್ರಶ್ನೆಗಳಿಗೆ ಈಗ ಸಮಯವಿದೆ, ದಯವಿಟ್ಟು ಕೇಳಿ.