ಸಹಿ ಹಾಕದೇ ಇದ್ರೆ ಏನಾಗುತ್ತೆ ಮೇಡಂ?

ಕೇಳುಗರಿಗೆಲ್ಲ ನಮಸ್ಕಾರ.

ನಾನು ಪಿಯು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುವವಳು. ಟೈಮ್ ಟೇಬಲ್ ಪ್ರತಿ ವರ್ಷ ಬದಲಾಗುತ್ತದೆ, ಆದರೆ ಊಟ ಆದಮೇಲಿನ ಪೀರಿಯಡ್ಡು ಮಾತ್ರ ನನಗೇ ಬಂದು ಬೀಳುತ್ತದೆ. ಅರ್ಧ ಕ್ಲಾಸು ತೂಕಡಿಸುತ್ತಿರುತ್ತದೆ. ಆ ಹೊತ್ತಲ್ಲಿ ಬೋರ್ಡಿನ ಮೇಲೆ ‘ರಾಷ್ಟ್ರಪತಿಗಳ ಅಧಿಕಾರ ಮತ್ತು ಕಾರ್ಯಗಳು’ ಅಂತ ಬರೆದರೆ ಉಳಿದರ್ಧವೂ ಮಲಗಿಬಿಡುತ್ತದೆ.

ತುಂಬಾ ವರ್ಷ ನಾನು ಈ ಪಾಠವನ್ನು ನೋಟ್ಸ್ ಬರೆಸಿಯೇ ಮುಗಿಸಿದೆ. ಕಾರ್ಯಾಂಗದ ಅಧಿಕಾರ, ಶಾಸನದ ಅಧಿಕಾರ, ಹಣಕಾಸು, ನ್ಯಾಯ, ತುರ್ತು ಪರಿಸ್ಥಿತಿ. ಬರ್ಕೊಳ್ಳಿ, ಪರೀಕ್ಷೆಗೆ ಬರುತ್ತೆ. ಮಕ್ಕಳೂ ಬಾಯಿಪಾಠ ಮಾಡಿ ಬರೆಯುತ್ತಿದ್ದರು. ಮೂರೂ ಸೇನೆಗಳ ಮುಖ್ಯಸ್ಥರು, ಪ್ರಧಾನಿಯನ್ನು ನೇಮಿಸುತ್ತಾರೆ, ಗಲ್ಲು ಶಿಕ್ಷೆ ಕ್ಷಮಿಸುತ್ತಾರೆ. ಆ ಉತ್ತರ ಓದಿದರೆ ಯಾವುದೋ ಚಕ್ರವರ್ತಿಯ ಬಿರುದಾವಳಿ ಓದಿದ ಹಾಗಿರುತ್ತಿತ್ತು. ಮುಂದಿನ ಪಾಠ ಪ್ರಧಾನಿಯದು. ಅಲ್ಲಿ ಅದೇ ಮಕ್ಕಳು ‘ರಾಷ್ಟ್ರಪತಿ ನಾಮಮಾತ್ರ ಮುಖ್ಯಸ್ಥರು’ ಅಂತ ಬರೆಯುತ್ತಿದ್ದರು. ಎರಡಕ್ಕೂ ಪೂರ್ತಿ ಅಂಕ ಕೊಟ್ಟಿದ್ದೇನೆ ನಾನು!

ಒಂದು ದಿನ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು. ಅವಳು ಮೊಬೈಲಿನಲ್ಲಿ ಅಮೆರಿಕದ ಅಧ್ಯಕ್ಷರ ವಿಡಿಯೋ ನೋಡಿದ್ದಳು. ‘ಮೇಡಂ, ಅವರು ದಪ್ಪ ಪೆನ್ನಲ್ಲಿ ಸಹಿ ಹಾಕಿ, ಪೇಪರ್ ಎತ್ತಿ ಎಲ್ಲರಿಗೂ ತೋರಿಸ್ತಾರೆ. ನಮ್ಮ ರಾಷ್ಟ್ರಪತಿ ಯಾಕೆ ತೋರಿಸಲ್ಲ?’

ಕ್ಲಾಸು ನಕ್ಕಿತು. ನನಗೆ ನಗು ಬರಲಿಲ್ಲ, ಯಾಕಂದ್ರೆ ಅದು ಒಳ್ಳೆ ಪ್ರಶ್ನೆ. ಅಮೆರಿಕದ ಸಂವಿಧಾನ ಕಾರ್ಯಾಂಗದ ಅಧಿಕಾರವೆಲ್ಲ ಅಧ್ಯಕ್ಷರದು ಅನ್ನುತ್ತದೆ. ನಮ್ಮ 53ನೇ ವಿಧಿಯೂ ಹೆಚ್ಚುಕಮ್ಮಿ ಅದನ್ನೇ ಹೇಳುತ್ತದೆ, ಕೇಂದ್ರದ ಕಾರ್ಯಾಂಗದ ಅಧಿಕಾರ ರಾಷ್ಟ್ರಪತಿಯವರದು ಅಂತ. ಆದರೆ ನಮ್ಮಲ್ಲಿ ಮುಂದೆ 74ನೇ ವಿಧಿ ಕೂತಿದೆ. ಮಂತ್ರಿಮಂಡಲ ಸಲಹೆ ಕೊಡಬೇಕು, ರಾಷ್ಟ್ರಪತಿ ಅದರಂತೆ ನಡೆಯಬೇಕು. ಅಲ್ಲಿ ಮಂತ್ರಿಗಳನ್ನು ಅಧ್ಯಕ್ಷರೇ ಆರಿಸುತ್ತಾರೆ, ಸೆನೆಟ್ ಒಪ್ಪಬೇಕು ಅಷ್ಟೆ, ಆಮೇಲೆ ಬೇಡ ಅನ್ನಿಸಿದರೆ ತೆಗೆದೂ ಹಾಕುತ್ತಾರೆ. ಅಲ್ಲಿ ಅಧ್ಯಕ್ಷರು ತಮ್ಮದೇ ತೀರ್ಮಾನಕ್ಕೆ ಸಹಿ ಹಾಕುತ್ತಾರೆ, ಇಲ್ಲಿ ರಾಷ್ಟ್ರಪತಿಗಳು ಬೇರೆಯವರು ಮಾಡಿದ ತೀರ್ಮಾನಕ್ಕೆ ಸಹಿ ಹಾಕುತ್ತಾರೆ.

ಮಾರನೇ ದಿನ ಆಫೀಸಿನಿಂದ ಒಂದು ಸರ್ಕಾರಿ ಆದೇಶದ ಜೆರಾಕ್ಸ್ ತಂದೆ. ನಮ್ಮಂಥ ಮೇಷ್ಟ್ರುಗಳಿಗೆ ಇದು ಹೊಸದೇನಲ್ಲ. ಮೇಲೆ ‘ಕರ್ನಾಟಕ ಸರ್ಕಾರದ ನಡವಳಿಗಳು’ ಅಂತ ಇರುತ್ತದೆ. ಕೊನೆಗೆ ‘ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ’, ಅದರ ಕೆಳಗೆ ಯಾರೋ ಅಧೀನ ಕಾರ್ಯದರ್ಶಿಯ ಸಹಿ. ಒಬ್ಬ ಹುಡುಗ ಕೇಳಿದ, ‘ರಾಜ್ಯಪಾಲರು ಇದನ್ನ ನೋಡಿರ್ತಾರಾ ಮೇಡಂ?’ ಇಲ್ಲಪ್ಪ, ಇಂಥದ್ದು ಅವರ ಮೇಜಿಗೆ ಹೋಗುವುದೇ ಇಲ್ಲ. ದೆಹಲಿಯಲ್ಲೂ ಹೀಗೆಯೇ. ಅಲ್ಲಿ ಕೇಂದ್ರದ ಆದೇಶಗಳೆಲ್ಲ 77ನೇ ವಿಧಿಯ ಪ್ರಕಾರ ರಾಷ್ಟ್ರಪತಿಗಳ ಹೆಸರಿನಲ್ಲಿ ಹೊರಡುತ್ತವೆ. ಹೆಸರು ಒಬ್ಬರದು, ತೀರ್ಮಾನ ಇನ್ನೊಬ್ಬರದು, ಸಹಿ ಮತ್ತೊಬ್ಬರದು. ಕಾರ್ಯಾಂಗ ಅಂದರೆ ಏನು ಅಂತ ಆ ಒಂದು ಹಾಳೆ ಹೇಳಿದಷ್ಟು ನನ್ನ ಇಷ್ಟು ವರ್ಷದ ನೋಟ್ಸ್ ಹೇಳಿರಲಿಲ್ಲ.

ಆಮೇಲೆ ಒಂದು ಆಟ ಆಡಿಸಿದೆ. ಪ್ರಶ್ನೆ ಕೇಳಿದ ಹುಡುಗಿಯೇ ರಾಷ್ಟ್ರಪತಿ. ಜೋರು ಬಾಯಿಯ ಒಬ್ಬ ಹುಡುಗ ಪ್ರಧಾನಿ. ಉಳಿದವರೆಲ್ಲ ಸಂಸತ್ತು. ಏನು ಮಸೂದೆ ತರ್ತೀರಿ ಅಂದರೆ, ಊಟ ಆದಮೇಲಿನ ಪೀರಿಯಡ್ ರದ್ದು ಮಾಡುವ ಮಸೂದೆ! ಎಲ್ಲರೂ ಕೈ ಎತ್ತಿದರು, ವಿರೋಧ ಪಕ್ಷವೇ ಇಲ್ಲ. ಹುಡುಗ ಪೇಪರ್ ತಂದು ಅವಳ ಮುಂದೆ ಇಟ್ಟ. ಅವಳು ಓದಿದಳು, ಮಡಚಿದಳು, ಬ್ಯಾಗಿಗೆ ಹಾಕಿದಳು. ‘ನೋಡ್ತೀನಿ’ ಅಂದಳು.

‘ಮೇಡಂ, ಸಹಿ ಹಾಕದೇ ಇದ್ರೆ ಏನಾಗುತ್ತೆ?’

ಈಗ ಎಲ್ಲರೂ ಎಚ್ಚರ. 111ನೇ ವಿಧಿ ಓದಿಸಿದೆ. ರಾಷ್ಟ್ರಪತಿ ಒಪ್ಪಿಗೆ ಕೊಡಬಹುದು, ತಡೆಹಿಡಿಯಬಹುದು, ಹಣಕಾಸು ಮಸೂದೆ ಅಲ್ಲದಿದ್ದರೆ ಇನ್ನೊಮ್ಮೆ ನೋಡಿ ಅಂತ ವಾಪಸ್ ಕಳಿಸಬಹುದು. ಸಂಸತ್ತು ಮತ್ತೆ ಪಾಸು ಮಾಡಿ ಕಳಿಸಿದರೆ ಒಪ್ಪಿಗೆ ಕೊಡಲೇಬೇಕು. 2006ರಲ್ಲಿ ಅಬ್ದುಲ್ ಕಲಾಂ ಲಾಭದ ಹುದ್ದೆ ಮಸೂದೆಯನ್ನು, ಅಂದರೆ ಯಾವ ಯಾವ ಸರ್ಕಾರಿ ಹುದ್ದೆಯಲ್ಲಿದ್ದರೂ ಸಂಸದರ ಸದಸ್ಯತ್ವ ಹೋಗುವುದಿಲ್ಲ ಅಂತ ಹೇಳುವ ಮಸೂದೆಯನ್ನು, ವಾಪಸ್ ಕಳಿಸಿದರು, ಸಂಸತ್ತು ಅದನ್ನೇ ಮತ್ತೆ ಕಳಿಸಿತು, ಅವರು ಸಹಿ ಹಾಕಿದರು. ಸರಿ, ವಾಪಸ್ಸೂ ಕಳಿಸದೆ ಸುಮ್ನೆ ಇಟ್ಟುಕೊಂಡರೆ? ವಾಪಸ್ ಕಳಿಸುವುದಾದರೆ ಆದಷ್ಟು ಬೇಗ ಕಳಿಸಿ ಅಂತಿದೆ. ಬೇಗ ಅಂದರೆ ಎಷ್ಟು ದಿನ ಅಂತ ಇಲ್ಲ. ಅಮೆರಿಕದಲ್ಲಿ ಭಾನುವಾರ ಬಿಟ್ಟು ಹತ್ತು ದಿನ, ಕಾಂಗ್ರೆಸ್ ಅಧಿವೇಶನ ನಡೀತಾ ಇದ್ದರೆ ಸಹಿ ಇಲ್ಲದೆಯೇ ಕಾನೂನಾಗಿಬಿಡುತ್ತದೆ. ನಮ್ಮಲ್ಲಿ ಆ ಲೆಕ್ಕವಿಲ್ಲ. 1986ರಲ್ಲಿ ಜನರ ಕಾಗದಗಳನ್ನು ಒಡೆದು ನೋಡಲು ಸರ್ಕಾರಕ್ಕೆ ದಾರಿ ಮಾಡಿಕೊಡುವ ಅಂಚೆ ಮಸೂದೆಯೊಂದು ಬಂತು. ರಾಷ್ಟ್ರಪತಿ ಜೈಲ್ ಸಿಂಗ್ ಸಹಿಯನ್ನೂ ಹಾಕಲಿಲ್ಲ, ವಾಪಸ್ಸೂ ಕಳಿಸಲಿಲ್ಲ. 1987ರಲ್ಲಿ ಅವರ ಅವಧಿ ಮುಗಿಯಿತು. ಆ ಮಸೂದೆ ಕೊನೆಗೂ ಕಾನೂನಾಗಲಿಲ್ಲ.

ಈ ಗಡುವಿನ ಜಗಳ ಹಳೇ ಕಥೆಯೇನಲ್ಲ. 2025ರ ಏಪ್ರಿಲಿನಲ್ಲಿ ತಮಿಳುನಾಡಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು, ರಾಜ್ಯಪಾಲರು ಕಳಿಸಿಕೊಟ್ಟ ಮಸೂದೆಗಳನ್ನು ರಾಷ್ಟ್ರಪತಿ ಮೂರು ತಿಂಗಳಲ್ಲಿ ತೀರ್ಮಾನಿಸಬೇಕು ಅಂದರು. ರಾಷ್ಟ್ರಪತಿ ದ್ರೌಪದಿ ಮುರ್ಮು 14 ಪ್ರಶ್ನೆ ಬರೆದು ಅದೇ ಕೋರ್ಟಿನ ಅಭಿಪ್ರಾಯ ಕೇಳಿದರು. ನವೆಂಬರಿನಲ್ಲಿ ಐವರು ನ್ಯಾಯಮೂರ್ತಿಗಳು, ಹಾಗೆ ಗಡುವು ಹಾಕಲಾಗದು ಅಂದರು. ಪಠ್ಯಪುಸ್ತಕದಲ್ಲಿ ಒಂದೇ ಸಾಲಿನ ವಿಷಯಕ್ಕೆ ಇಷ್ಟೆಲ್ಲ ಆಗಿದೆ ನೋಡಿ.

ಸಹಿ ಬೇಗ ಬಿದ್ದರೂ ಕಷ್ಟ. 1975ರ ಜೂನ್ 25ರ ರಾತ್ರಿ ಇಂದಿರಾ ಗಾಂಧಿಯವರ ಪತ್ರ ರಾಷ್ಟ್ರಪತಿ ಭವನಕ್ಕೆ ಹೋಯಿತು. ಸಂಪುಟ ಸಭೆ ಆಗಿಯೇ ಇರಲಿಲ್ಲ. ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ತುರ್ತು ಪರಿಸ್ಥಿತಿಗೆ ಸಹಿ ಹಾಕಿದರು. ಸಂಪುಟ ಸೇರಿದ್ದು ಮರುದಿನ ಬೆಳಗ್ಗೆ. ಸಂಪುಟ ಬರವಣಿಗೆಯಲ್ಲಿ ತಿಳಿಸದೆ ತುರ್ತು ಪರಿಸ್ಥಿತಿ ಘೋಷಿಸುವ ಹಾಗಿಲ್ಲ ಅಂತ 1978ರ 44ನೇ ತಿದ್ದುಪಡಿ ಹೇಳಿದ್ದು ಇದೇ ಕಾರಣಕ್ಕೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ನಮ್ಮವರದೇ ಕಥೆ. ಜಮಖಂಡಿ ಕಡೆಯ ಬಿ.ಡಿ. ಜತ್ತಿಯವರು. ಮೈಸೂರು ರಾಜ್ಯದ ಮುಖ್ಯಮಂತ್ರಿ ಆಗಿದ್ದವರು, ಆಮೇಲೆ ಉಪರಾಷ್ಟ್ರಪತಿ. 1977ರ ಫೆಬ್ರವರಿಯಲ್ಲಿ ಫಕ್ರುದ್ದೀನ್ ಅಲಿ ಅಹ್ಮದ್ ತೀರಿಕೊಂಡಾಗ ಹಂಗಾಮಿ ರಾಷ್ಟ್ರಪತಿಯಾದರು. ಮಾರ್ಚಿನಲ್ಲಿ ಜನತಾ ಸರ್ಕಾರ ಬಂತು. ಏಪ್ರಿಲ್ ಕೊನೆಗೆ ಒಂಬತ್ತು ರಾಜ್ಯಗಳ ವಿಧಾನಸಭೆ ವಿಸರ್ಜಿಸಲು ಅವರ ಮುಂದೆ ಕಾಗದ ಇಟ್ಟರು. ಜತ್ತಿಯವರು ತಕ್ಷಣ ಸಹಿ ಹಾಕಲಿಲ್ಲ. ದೆಹಲಿಯಲ್ಲಿ ಗದ್ದಲವೋ ಗದ್ದಲ. ಆಮೇಲೆ ಹಾಕಿದರು. ಮಕ್ಕಳಿಗೆ ನಾನು ಕೇಳುವುದು ಇದು: ಅವರ ಕೈಯಲ್ಲಿ ಬೇರೆ ಏನಿತ್ತು? 42ನೇ ತಿದ್ದುಪಡಿ ಆಗಲೇ ಜಾರಿಯಲ್ಲಿತ್ತು, ಸಲಹೆಯಂತೆ ನಡೆಯಲೇಬೇಕು. ಸಲಹೆಯನ್ನು ಒಮ್ಮೆ ವಾಪಸ್ ಕಳಿಸಬಹುದು ಅನ್ನುವ ಮಾತು ಸೇರಿದ್ದು ಮರುವರ್ಷದ 44ನೇ ತಿದ್ದುಪಡಿಯಲ್ಲಿ. ತಡ ಮಾಡುವುದೊಂದೇ ಅವರಿಗೆ ಉಳಿದಿದ್ದ ದಾರಿ. ಅವರು ಮಾಡಿದ್ದು ಸರಿಯಾ ತಪ್ಪಾ ಅಂತ ಕ್ಲಾಸಿನಲ್ಲಿ ಜಗಳವೇ ಆಯಿತು. ನನಗೇನೋ, ಗೆದ್ದು ಬಂದ ಸರ್ಕಾರವನ್ನು ತಡೆಯುವುದು ಅವರ ಕೆಲಸ ಆಗಿರಲಿಲ್ಲ ಅನ್ನಿಸುತ್ತದೆ. ಆದರೆ ಯೋಚಿಸದೆ ಸಹಿ ಹಾಕುವುದೂ ಅವರ ಕೆಲಸ ಆಗಿರಲಿಲ್ಲ, ಅಲ್ವಾ?

ಸಲಹೆಯನ್ನು ವಾಪಸ್ ಕಳಿಸುವ ಈ ಹೊಸ ಅವಕಾಶವನ್ನು ಚೆನ್ನಾಗಿ ಬಳಸಿದವರು ರಾಷ್ಟ್ರಪತಿ ಕೆ.ಆರ್. ನಾರಾಯಣನ್. 1997ರಲ್ಲಿ ಉತ್ತರ ಪ್ರದೇಶದಲ್ಲಿ ರಾಷ್ಟ್ರಪತಿ ಆಳ್ವಿಕೆ ಹೇರಿ ಅಂತ ಸಂಪುಟ ಹೇಳಿದಾಗ, ಮತ್ತೊಮ್ಮೆ ಯೋಚಿಸಿ ಅಂದರು. ಸಂಪುಟ ಕೈಬಿಟ್ಟಿತು. ಅಷ್ಟು ಹೊತ್ತಿಗೆ ನಮ್ಮ ಎಸ್.ಆರ್. ಬೊಮ್ಮಾಯಿ ಪ್ರಕರಣದ ತೀರ್ಪೂ ಬಂದಿತ್ತು. 1989ರಲ್ಲಿ ಕರ್ನಾಟಕದ ಮುಖ್ಯಮಂತ್ರಿಯಾಗಿದ್ದ ಬೊಮ್ಮಾಯಿ ಸದನದಲ್ಲಿ ಬಹುಮತ ತೋರಿಸ್ತೀನಿ ಅಂದರೂ ಅವಕಾಶ ಸಿಗದೆ ಸರ್ಕಾರ ಹೋಗಿತ್ತು. 1994ರಲ್ಲಿ ಒಂಬತ್ತು ನ್ಯಾಯಮೂರ್ತಿಗಳು, ಬಹುಮತ ಇದೆಯೋ ಇಲ್ಲವೋ ಅಂತ ನೋಡಬೇಕಾದ್ದು ಸದನದಲ್ಲಿ, ರಾಜಭವನದಲ್ಲಲ್ಲ ಅಂದರು. ಈಗ ಟಿವಿಯಲ್ಲಿ ‘ವಿಶ್ವಾಸಮತ’ ಅಂತ ಬಂದಾಗಲೆಲ್ಲ ಮಕ್ಕಳಿಗೆ ಬೊಮ್ಮಾಯಿ ಹೆಸರು ನೆನಪಿಸುತ್ತೇನೆ.

ಇನ್ನು ನಮ್ಮ ಕ್ಲಾಸಿನ ರಾಷ್ಟ್ರಪತಿ. ಮಸೂದೆ ಬ್ಯಾಗಿಗೆ ಹಾಕಿಕೊಂಡು ಹೋದವಳು ಎರಡು ದಿನ ಕಾಲೇಜಿಗೇ ಬರಲಿಲ್ಲ, ಅಕ್ಕನ ಮದುವೆ ಅಂತೆ. ಪ್ರಧಾನಿ ಸ್ಟಾಫ್ ರೂಮಿಗೇ ಬಂದು, ‘ಮೇಡಂ, ಅವಳಿಗೆ ನೀವಾದ್ರೂ ಹೇಳಿ’ ಅಂತ ಗೋಳಾಡಿದ. ಅವಳು ಬಂದಮೇಲೂ ‘ಪರಿಶೀಲನೆಯಲ್ಲಿದೆ’ ಅಂದಳಷ್ಟೆ. ಪರೀಕ್ಷೆ ಬಂತು, ರಜೆ ಬಂತು. ಜೂನ್‌ನಲ್ಲಿ ಹೊಸ ಟೈಮ್ ಟೇಬಲ್ ಗೋಡೆಗೆ ಅಂಟಿಸಿದರು. ಊಟ ಆದಮೇಲಿನ ಪೀರಿಯಡ್ಡು, ರಾಜ್ಯಶಾಸ್ತ್ರ, ನಾನೇ.

ನಮಸ್ಕಾರ.